ಅಂಗಡಿಗೊಂದು ಇ-ಮೇಲ್ ಹೆಸರು: ಹದಿನೆಂಟರಲ್ಲಿ ಒಂದೇ ಸರಿ

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಯಾರಾದರೂ ಸಣ್ಣ ವ್ಯಾಪಾರ ನಡೆಸುತ್ತಿರಬಹುದು. ಹಲಸಿನ ಹಪ್ಪಳ, ಉಪ್ಪಿನಕಾಯಿ, ಟೈಲರಿಂಗ್, ನರ್ಸರಿ ಗಿಡ, ಏನೂ ಆಗಬಹುದು. ಬ್ಯಾಂಕಿನ ಅರ್ಜಿ ಇರಲಿ, ದೂರದ ಊರಿನ ಆರ್ಡರ್ ಇರಲಿ, ಈಗ ಎಲ್ಲರೂ ಕೇಳುವುದು “ಇ-ಮೇಲ್ ಐಡಿ ಉಂಟಾ?” ಅಂತ. ಆಗ ದೊಡ್ಡವರು ಕರೆಯುವುದು ನಿಮ್ಮನ್ನೇ. “ನೀನು ಶಾಲೆಯಲ್ಲಿ ಕಂಪ್ಯೂಟರ್ ಕಲೀತಿಯಲ್ಲ, ಒಂದು ಐಡಿ ಮಾಡಿಕೊಡು” ಅಂತಾರೆ. ಐದು ನಿಮಿಷದ ಕೆಲಸ ಎಂದುಕೊಂಡು ತೋಚಿದ ಹೆಸರು ಹಾಕಿಬಿಟ್ಟರೆ, ಅದು ಬೋರ್ಡಿಗೆ, ಬಿಲ್ ಪುಸ್ತಕಕ್ಕೆ, ಪ್ಯಾಕೆಟಿನ ಲೇಬಲಿಗೆ ಏರಿ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ಹಾಗಾಗಿ ಹೆಸರಿನ ಬಗ್ಗೆ ಮೊದಲೇ ಸ್ವಲ್ಪ ಯೋಚಿಸುವುದು ಒಳ್ಳೆಯದು.

ಮೊದಲು ವಿಳಾಸ ಹೇಗೆ ಕೆಲಸ ಮಾಡುತ್ತದೆ ನೋಡೋಣ. ವಿಳಾಸದ ನಡುವೆ @ ಗುರುತು ಇರುತ್ತದಲ್ಲ, ಅದನ್ನು 1971ರಲ್ಲಿ ಅಮೆರಿಕದ ಎಂಜಿನಿಯರ್ ರೇ ಟಾಮ್ಲಿನ್ಸನ್ ಆರಿಸಿಕೊಂಡರು. ಯಾರ ಹೆಸರಿನಲ್ಲೂ ಆ ಗುರುತು ಬರುವುದಿಲ್ಲ, ಹಾಗಾಗಿ ಹೆಸರು ಎಲ್ಲಿ ಮುಗಿಯಿತು, ಯಂತ್ರದ ಹೆಸರು ಎಲ್ಲಿ ಶುರುವಾಯಿತು ಎಂಬ ಗೊಂದಲ ಇಲ್ಲ. ಗುರುತಿನ ಬಲಗಡೆ ಇರುವುದು ಡೊಮೈನ್, ಅಂದರೆ ಅಂಚೆ ಹೋಗಬೇಕಾದ ಮನೆ. ಕಳಿಸುವ ಕಂಪ್ಯೂಟರು ಮೊದಲು ನೋಡುವುದು ಬಲಗಡೆಯನ್ನೇ. ಎಡಗಡೆಯ ಹೆಸರು ಯಾರದು ಎಂದು ತೀರ್ಮಾನಿಸುವುದು ಆ ಮನೆಯ ಯಂತ್ರ ಮಾತ್ರ. ಅದಕ್ಕೇ ಮನೆಯಿಂದ ಮನೆಗೆ ನಿಯಮ ಬೇರೆ. ಜಿಮೇಲ್‌ನಲ್ಲಿ ಹೆಸರಿನ ನಡುವೆ ಚುಕ್ಕಿ ಇದ್ದರೂ ಇಲ್ಲದಿದ್ದರೂ ಒಂದೇ ಪೆಟ್ಟಿಗೆಗೆ ಹೋಗುತ್ತದೆ. ಬೇರೆ ಕಡೆ ಹಾಗೆಂದು ನಂಬಿ ಕೂರಬೇಡಿ.

ನಮ್ಮ ಊರಿನ ಪೋಸ್ಟ್‌ಮ್ಯಾನ್ ಕಾಗುಣಿತ ತಪ್ಪಿದ ಕಾಗದವನ್ನೂ ಮನೆಗೆ ತಂದು ಮುಟ್ಟಿಸುತ್ತಾರೆ. “ಓ, ಇದು ಇವರದ್ದೇ” ಎಂದು ಅವರಿಗೆ ಗೊತ್ತು. ಯಂತ್ರಕ್ಕೆ ಆ ದಾಕ್ಷಿಣ್ಯ ಇಲ್ಲ. ಒಂದು ಅಕ್ಷರ ಬದಲಾದರೆ ಅದು ಬೇರೆಯೇ ವಿಳಾಸ.

ಈಗ ಒಂದು ಲೆಕ್ಕ ಮಾಡಿ. ಅಂಗಡಿಯ ಹೆಸರು ‘ಶ್ರೀ ಲಕ್ಷ್ಮಿ ಹಪ್ಪಳ’ ಎಂದಿಟ್ಟುಕೊಳ್ಳಿ. ಕನ್ನಡದಲ್ಲಿ ಬರೆಯಲು ಒಂದೇ ರೀತಿ. ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದಾಗ? ‘ಶ್ರೀ’ಯನ್ನು ಕೆಲವರು ಎಸ್-ಆರ್-ಐ, ಕೆಲವರು ಎಸ್-ಎಚ್-ಆರ್-ಐ, ಇನ್ನು ಕೆಲವರು ಕೊನೆಗೆ ಎರಡು ಇ ಹಾಕಿ ಬರೆಯುತ್ತಾರೆ. ಮೂರು ದಾರಿ ಆಯಿತು. ‘ಲಕ್ಷ್ಮಿ’ಯ ನಡುವೆ ಕೆ-ಎಸ್-ಎಚ್ ಬರಬಹುದು, ಬರೀ ಎಕ್ಸ್ ಬರಬಹುದು, ಅಥವಾ ಕೆ-ಎಸ್-ಎಚ್ ಹಾಕಿ ಕೊನೆಗೆ ಐ ಬದಲು ವೈ ಬರಬಹುದು. ಮತ್ತೆ ಮೂರು. ‘ಹಪ್ಪಳ’ಕ್ಕೆ ಪಿ ಒಂದೋ ಎರಡೋ? 3 × 3 × 2 = 18. ಬಾಯಲ್ಲಿ ಹೇಳಿದ ಒಂದು ಹೆಸರಿಗೆ ಹದಿನೆಂಟು ವಿಳಾಸ. ಅದರಲ್ಲಿ ಸರಿಯಾದದ್ದು ಒಂದು, ತಪ್ಪು ಹದಿನೇಳು. ಸಂದೇಹದ ಜಾಗಗಳು ಒಂದರ ಪಕ್ಕ ಒಂದು ಬಂದಾಗ ದಾರಿಗಳನ್ನು ಕೂಡಿಸುವುದಲ್ಲ, ಗುಣಿಸುವುದು. ಗಣಿತದ ತರಗತಿಯಲ್ಲಿ ಕಲಿತದ್ದೇ.

ಗಡಿನಾಡಿನ ನಮಗೆ ಈ ತಾಪತ್ರಯ ಇನ್ನೊಂದು ಸುತ್ತು ಹೆಚ್ಚು. ಕಾಸರಗೋಡಿನಲ್ಲಿ ‘ಗೀತಾ’ ಎಂದು ಬರೆಯುವಾಗ ತಕಾರಕ್ಕೆ ಟಿ-ಎಚ್ ಹಾಕುವುದು ರೂಢಿ, ಮಲಯಾಳಂ ತಮಿಳಿನವರೂ ಹಾಗೆಯೇ. ಸೊಲ್ಲಾಪುರ ಕಡೆ ಬರೀ ಟಿ ಸಾಕು, ಅಲ್ಲಿ ಟಿ-ಎಚ್ ಅಂದರೆ ಥಕಾರ. ಇಬ್ಬರೂ ಕನ್ನಡದ ಮಕ್ಕಳೇ, ಇಬ್ಬರದೂ ಸರಿಯೇ. ಆದರೆ ಅಲ್ಲಿಂದ ಇಲ್ಲಿಗೆ ಆರ್ಡರ್ ಬರುವಾಗ ದಾರಿ ತಪ್ಪುತ್ತದೆ. ಊರಿನ ಹೆಸರು ಸೇರಿಸಿದರೆ ಸುಲಭವಾದೀತು ಎನ್ನುತ್ತೀರಾ? ಕುಂಬಳೆಯನ್ನು ರೈಲ್ವೆಯವರು ಕೊನೆಗೆ ಎ ಹಾಕಿ ಬರೆಯುತ್ತಾರೆ. ಕ್ರಿಕೆಟಿಗ ಅನಿಲ್ ಕುಂಬ್ಳೆಯವರ ಹೆಸರಿನ ಕೊನೆಗೆ ಇರುವುದು ಇ. ಊರು ಒಂದೇ!

ತಪ್ಪು ವಿಳಾಸಕ್ಕೆ ಹೋದ ಮೇಲ್ ಏನಾಗುತ್ತದೆ? ಆ ಹೆಸರಿನವರು ಯಾರೂ ಇಲ್ಲದಿದ್ದರೆ ಸಾಮಾನ್ಯವಾಗಿ “ಇಂಥವರಿಲ್ಲ” ಎಂಬ ಷರಾ ಜೊತೆ ಕಳಿಸಿದವರಿಗೇ ವಾಪಸ್ ಬರುತ್ತದೆ. ಅದು ಪುಣ್ಯ. ಕಷ್ಟ ಇರುವುದು ಆ ಹದಿನೇಳರಲ್ಲಿ ಒಂದು ಬೇರೆ ಯಾರದ್ದೋ ನಿಜವಾದ ವಿಳಾಸವಾಗಿದ್ದಾಗ. ಆಗ ಏನೂ ವಾಪಸ್ ಬರುವುದಿಲ್ಲ. ಕಳಿಸಿದವರು ತಲುಪಿತು ಅಂದುಕೊಳ್ಳುತ್ತಾರೆ, ನಿಮ್ಮಮ್ಮ ಆರ್ಡರೇ ಬರಲಿಲ್ಲ ಅಂದುಕೊಳ್ಳುತ್ತಾರೆ. ಬ್ಯಾಂಕಿನ ಕಾಗದವೋ ಗಿರಾಕಿಯ ಫೋನ್ ನಂಬರೋ ಅದರೊಳಗೆ ಇದ್ದರೆ ಅಪರಿಚಿತರ ಕೈ ಸೇರಿತು.

ಆದ್ದರಿಂದ ಕಿವಿಗೆ ಬಿದ್ದ ಹಾಗೆ ಬರೆಯಬಹುದಾದ ಹೆಸರು ಹುಡುಕಿ. ಒತ್ತಕ್ಷರ, ಮಹಾಪ್ರಾಣ, ದೀರ್ಘ, ಳಕಾರ, ಕ್ಷ, ಇವು ಕಡಿಮೆ ಇದ್ದಷ್ಟೂ ಸಲೀಸು. ‘ಹಲಸು’ ಎಂಬ ಪದವನ್ನೇ ನೋಡಿ, ಅದನ್ನು ಹೆಚ್ಚಿನವರು ಬರೆಯುವುದು ಒಂದೇ ಬಗೆಯಲ್ಲಿ. ಆ ಹೆಸರನ್ನು ಬೇರೆಯವರು ಮೊದಲೇ ತೆಗೆದುಕೊಂಡಿದ್ದರೆ, ಅದೇ ಗುಣದ ಇನ್ನೊಂದು ಸಣ್ಣ ಪದ ಜೋಡಿಸಿ. ಹುಟ್ಟಿದ ವರ್ಷ, ಬೈಕ್ ನಂಬರ್ ತುರುಕಬೇಡಿ. ಯಾರ ನೆನಪಿನಲ್ಲೂ ಅವು ನಿಲ್ಲುವುದಿಲ್ಲ. ಸೊನ್ನೆ ಮತ್ತು ಓ, ಒಂದು ಮತ್ತು ಸಣ್ಣ ಎಲ್ ಕಣ್ಣಿಗೆ ಅವಳಿಗಳು. ಅಂಡರ್‌ಸ್ಕೋರ್ ಅಂತೂ ಕೆಳಗೆ ಗೆರೆ ಎಳೆದು ಮುದ್ರಿಸಿದರೆ ಮಾಯ. ಜಿಮೇಲ್ ಅದನ್ನು ಹೆಸರಿನಲ್ಲಿ ಬಿಡುವುದೇ ಇಲ್ಲ.

ಪರೀಕ್ಷೆ ಮಾಡಲು ಖರ್ಚಿಲ್ಲ. ಯೋಚಿಸಿದ ಹೆಸರನ್ನು ಐದು ಜನರಿಗೆ ಫೋನಿನಲ್ಲಿ ಒಂದೇ ಸಲ ಹೇಳಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದು ತೋರಿಸಲು ಹೇಳಿ. ಸ್ಪೆಲ್ಲಿಂಗ್ ಹೇಳಿಕೊಡಬಾರದು. ಐವರಲ್ಲಿ ಮಲಯಾಳಂ, ಮರಾಠಿ ಅಥವಾ ತೆಲುಗು ಮಾತಾಡುವವರು ಒಬ್ಬರಾದರೂ ಇರಲಿ. ಐದೂ ಒಂದೇ ತರ ಬಂದರೆ ಹೆಸರು ಪಾಸ್.

ಇನ್ನೊಂದು ವಿಷಯ, ನನ್ನ ಮಟ್ಟಿಗೆ ಇದೇ ದೊಡ್ಡದು. ವಿಳಾಸ ಅಂಗಡಿಯದ್ದಾಗಿರಲಿ, ಮನುಷ್ಯರದ್ದು ಬೇಡ. ಎಷ್ಟೋ ಬೋರ್ಡುಗಳಲ್ಲಿ ಮಗನ ಹೆಸರಿನದೋ ಹಿಂದೆ ಕೆಲಸಕ್ಕಿದ್ದವರದೋ ಐಡಿ ಇರುತ್ತದೆ. ಅವರು ಕಾಲೇಜಿಗೋ ದುಬೈಗೋ ಹೋದ ಮೇಲೆ ಪಾಸ್‌ವರ್ಡೂ ಅವರ ಜೊತೆಗೇ ಹೋಯಿತು. ಖಾತೆಯನ್ನು ವ್ಯಾಪಾರ ಮಾಡುವ ದೊಡ್ಡವರೇ ತೆರೆಯಲಿ, ಮರೆತಾಗ ಬೇಕಾಗುವ ಫೋನ್ ನಂಬರೂ ಅವರದ್ದೇ ಇರಲಿ. ನೀವು ಪಕ್ಕದಲ್ಲಿ ಕೂತು ಸಹಾಯ ಮಾಡಿ.

ವ್ಯಾಪಾರ ಬೆಳೆದರೆ ವರ್ಷಕ್ಕಿಷ್ಟು ಹಣ ಕಟ್ಟಿ ಸ್ವಂತ ಡೊಮೈನ್ ಪಡೆಯಬಹುದು. ಆಗ ಎಡಗಡೆಗೆ ಆರ್ಡರ್, ಬಿಲ್ ಎಂದು ಕೆಲಸದ ಹೆಸರುಗಳನ್ನೇ ಇಡಬಹುದು. ಎಲ್ಲವೂ ಒಂದೇ ಪೆಟ್ಟಿಗೆಗೆ ಬೀಳುವಂತೆಯೂ ಮಾಡಬಹುದು. ಇನ್ಫೋ, ಸೇಲ್ಸ್, ಸಪೋರ್ಟ್ ಎಂಬ ಹೆಸರುಗಳನ್ನು ಇಂಥಿಂಥ ಕೆಲಸಕ್ಕೆ ಎಂದು ಇಂಟರ್‌ನೆಟ್ಟಿನ ನಿಯಮ ಬರೆಯುವವರು 1997ರಲ್ಲೇ ಪಟ್ಟಿ ಮಾಡಿಟ್ಟಿದ್ದಾರೆ. ಹಣ ಕಟ್ಟುವುದು ಮರೆತರೆ ಮಾತ್ರ ಡೊಮೈನ್ ಇನ್ನೊಬ್ಬರ ಪಾಲಾಗಬಹುದು.

ಕನ್ನಡ ಲಿಪಿಯಲ್ಲೇ ವಿಳಾಸ ಇಟ್ಟರೆ ಈ ಹದಿನೆಂಟರ ರಗಳೆಯೇ ಇಲ್ಲವಲ್ಲ, ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಅದಕ್ಕೆ ಬೇಕಾದ ನಿಯಮ 2012ರಲ್ಲಿ ಬಂದಿದೆ, ‘.ಭಾರತ’ ಎಂದು ಕನ್ನಡದಲ್ಲೇ ಮುಗಿಯುವ ಡೊಮೈನ್ ಕೂಡ ಉಂಟು. ಆದರೆ ಕಳಿಸುವ ಯಂತ್ರ, ಪಡೆಯುವ ಯಂತ್ರ ಎರಡಕ್ಕೂ ಆ ನಿಯಮ ಗೊತ್ತಿರಬೇಕು, ಮತ್ತು ಎಷ್ಟೋ ಆನ್‌ಲೈನ್ ಅರ್ಜಿಗಳು ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆ ಕಂಡರೆ “ವಿಳಾಸ ತಪ್ಪು” ಎನ್ನುತ್ತವೆ. ಸದ್ಯಕ್ಕೆ ಎರಡನೆಯ ವಿಳಾಸವಾಗಿ ಇಟ್ಟುಕೊಳ್ಳಬಹುದು.

ಮನೆಯ ಅಂಗಡಿಗೆ ಈಗಾಗಲೇ ಕಷ್ಟದ ಹೆಸರಿನ ಐಡಿ ಇದ್ದರೆ ಅದನ್ನು ಅಳಿಸಬೇಡಿ. ಹೊಸದನ್ನು ಮಾಡಿ, ಹಳೆಯದಕ್ಕೆ ಬಂದದ್ದು ತಾನಾಗಿ ಹೊಸದಕ್ಕೆ ಹೋಗುವಂತೆ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡ್ ಹಾಕಿ. ಹಳೆಯ ಲೇಬಲುಗಳು ಮುಗಿದ ಮೇಲೆ ಹೊಸದನ್ನು ಅಚ್ಚು ಹಾಕಿಸಿದರಾಯಿತು.