ಲಕ್ಷ ಸಾಲುಗಳ ಕೋಷ್ಟಕವನ್ನು ಎಕ್ಸೆಲ್‌ಗೆ ಸಾಗಿಸುವ ಮುನ್ನ

ಅಂಕಿ-ಅಂಶಗಳೊಡನೆ ದಿನ ಕಳೆಯುವವರು ಚೆನ್ನೈನ ನಮ್ಮ ಕನ್ನಡ ಮನೆಗಳಲ್ಲಿ ಈಗ ಅಪರೂಪವಲ್ಲ. ಆರ್, ಎಸ್‌ಪಿಎಸ್‌ಎಸ್‌ಗಳಂತಹ ಸಂಖ್ಯಾಶಾಸ್ತ್ರದ ತಂತ್ರಾಂಶಗಳಲ್ಲಿ ಎಷ್ಟೇ ಸೊಗಸಾಗಿ ಲೆಕ್ಕ ಮಾಡಿದರೂ, ಕೊನೆಗೆ "ಎಕ್ಸೆಲ್‌ನಲ್ಲಿ ಕೊಡಿ" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸುಲಭವೆಂದು ತೋರುವ ಈ ಸಾಗಾಟದಲ್ಲಿ ಮಾಹಿತಿಯು ಸದ್ದಿಲ್ಲದೆ ಸೋರಿಹೋಗುವುದುಂಟು.

ಮೊದಲನೆಯದು ಗಾತ್ರದ ಮಿತಿ. ಎಕ್ಸ್‌ಎಲ್‌ಎಸ್ ಎಂಬ ಹಳೆಯ ಮಾದರಿಯ ಹಾಳೆಯೊಂದರಲ್ಲಿ ಹಿಡಿಯುವುದು 65,536 ಸಾಲುಗಳು ಮಾತ್ರ. 2007ರ ಎಕ್ಸೆಲ್‌ನೊಡನೆ ಬಂದ ಎಕ್ಸ್‌ಎಲ್‌ಎಸ್‌ಎಕ್ಸ್ ಮಾದರಿಯಲ್ಲಿ ಈ ಮಿತಿ 10,48,576 ಸಾಲುಗಳಿಗೆ ಏರಿತು. ಹಳೆಯ ಮಾದರಿಯನ್ನು ಬಿಡದಿದ್ದರೆ ಏನಾದೀತೆಂಬುದನ್ನು ಇಂಗ್ಲೆಂಡ್ 2020ರಲ್ಲಿ ಕಂಡಿತು. ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು ಪ್ರಯೋಗಾಲಯಗಳಿಂದ ಬಂದ ಕೋವಿಡ್ ಫಲಿತಾಂಶಗಳನ್ನು ಎಕ್ಸ್‌ಎಲ್‌ಎಸ್ ಕಡತಗಳಿಗೆ ತುಂಬುತ್ತಿತ್ತು. ಕಡತ ತುಂಬಿದ ಮೇಲೆ ಬಂದ ಸಾಲುಗಳು ಹೊರಗುಳಿದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಸೋಂಕಿತರು ದೈನಿಕ ಲೆಕ್ಕದಿಂದ ಬಿಟ್ಟುಹೋದರು. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ತಡವಾಯಿತು.

ಎರಡನೆಯ ತೊಡಕು ಎಕ್ಸೆಲ್‌ನ ಅತಿಬುದ್ಧಿ. ಬರಿಯ ಪಠ್ಯವಾದ ಸಿಎಸ್‌ವಿ ಕಡತವನ್ನು ನೇರವಾಗಿ ಕ್ಲಿಕ್ಕಿಸಿ ತೆರೆದರೆ, ಪ್ರತಿ ಮನೆಯಲ್ಲಿ ಇರುವುದೇನೆಂದು ಅದು ತಾನೇ ಊಹಿಸುತ್ತದೆ. ನಮ್ಮೂರಿನ ದೂರವಾಣಿಯ 044 ಬರಿಯ 44 ಆಗುತ್ತದೆ. ಚೆನ್ನೈನ ಬಾಗಿಲು ಸಂಖ್ಯೆಗಳ ಪಾಡು ಇನ್ನೂ ವಿಚಿತ್ರ. ಹೊಸ ಸಂಖ್ಯೆ, ಹಳೆಯ ಸಂಖ್ಯೆ ಎರಡನ್ನೂ ಸೇರಿಸಿ 12/5 ಎಂದು ಬರೆದಿದ್ದರೆ ಅದು ಮೇ 12 ಎಂಬ ತಾರೀಖಾಗುತ್ತದೆ; 7/45 ಎಂದಿದ್ದರೆ ಜುಲೈ ತಿಂಗಳು! 31/14 ಮಾತ್ರ ಯಾವ ತಾರೀಖಿಗೂ ಹೊಂದದೆ ಹಾಗೆಯೇ ಉಳಿಯುತ್ತದೆ. ಕೆಲವು ವಿಳಾಸಗಳಷ್ಟೇ ಕೆಡುವುದರಿಂದ ಮೇಲ್ನೋಟಕ್ಕೆ ಗೊತ್ತಾಗುವುದೂ ಇಲ್ಲ. 16 ಅಂಕಿಗಳ ಕಾರ್ಡ್ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಏಕೆಂದರೆ ಎಕ್ಸೆಲ್ ನೆನಪಿಡುವುದು 15 ಅಂಕಿಗಳನ್ನು ಮಾತ್ರ. ವಿಜ್ಞಾನಿಗಳೂ ಈ ಕಾಟದಿಂದ ಪಾರಾಗಿಲ್ಲ. 'ಮಾರ್ಚ್1', 'ಸೆಪ್ಟ್2' ಎಂಬಂತಹ ವಂಶವಾಹಿಗಳ ಹೆಸರುಗಳು ತಾರೀಖುಗಳಾಗುತ್ತಿದ್ದುದರಿಂದ 2020ರ ಹೊತ್ತಿಗೆ ಹೆಸರುಗಳನ್ನೇ ಬದಲಿಸಬೇಕಾಯಿತು.

ಪರಿಹಾರವು ಕಷ್ಟದ್ದಲ್ಲ. ಸಿಎಸ್‌ವಿಯ ಹಾದಿಯನ್ನು ಬಿಟ್ಟು, ಆರ್‌ನ 'ರೈಟ್‌ಎಕ್ಸ್‌ಎಲ್' ಅಥವಾ 'ಓಪನ್‌ಎಕ್ಸ್‌ಎಲ್‌ಎಸ್‌ಎಕ್ಸ್' ಪ್ಯಾಕೇಜುಗಳಿಂದ ನೇರವಾಗಿ ಎಕ್ಸ್‌ಎಲ್‌ಎಸ್‌ಎಕ್ಸ್ ಕಡತವನ್ನು ಬರೆಯಿಸಬಹುದು. ಪಠ್ಯವೆಂದು ಗುರುತಿಸಿದ್ದು ಆಗ ಪಠ್ಯವಾಗಿಯೇ ಉಳಿಯುತ್ತದೆ. ಎಸ್‌ಪಿಎಸ್‌ಎಸ್‌ನಲ್ಲಿ 1, 2 ಎಂಬ ಸಂಕೇತಗಳ ಬದಲಿಗೆ 'ಗಂಡು', 'ಹೆಣ್ಣು' ಎಂಬ ಹೆಸರುಗಳನ್ನೇ ಉಳಿಸುವ ಆಯ್ಕೆಯಿದೆ. ಅದನ್ನು ಗುರುತು ಮಾಡದಿದ್ದರೆ ಕಡತವನ್ನು ಪಡೆದವರಿಗೆ ಬರಿಯ ಅಂಕಿಗಳು ಸಿಗುತ್ತವೆ.

ಕನ್ನಡ ಲಿಪಿಯಲ್ಲಿ ಹೆಸರುಗಳಿರುವ ಸಿಎಸ್‌ವಿಗೆ ಇನ್ನೊಂದು ಎಚ್ಚರಿಕೆ ಬೇಕು. ಯುಟಿಎಫ್-8 ಎಂಬ ಗುರುತು ಕಡತದ ಮೊದಲಿಗೆ ಇಲ್ಲದಿದ್ದರೆ ಎಕ್ಸೆಲ್ ಅಕ್ಷರಗಳನ್ನು ಕಲಸುಮೇಲೋಗರ ಮಾಡಬಹುದು. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಪಟ್ಟಿಗಳನ್ನು ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಲೇಸು.

ನಮಗೆ ಹತ್ತಿರದ ಉದಾಹರಣೆ ಜನಗಣತಿಯ ಸಿ-16 ಕೋಷ್ಟಕ. 2011ರ ಎಣಿಕೆಯ ಈ ಭಾಷಾವಾರು ವಿವರಗಳು ಪ್ರಕಟವಾದದ್ದು 2018ರಲ್ಲಿ. ತಮಿಳುನಾಡಿನಲ್ಲಿ ಕನ್ನಡಿಗರು ಸುಮಾರು 12.86 ಲಕ್ಷ ಎಂಬ ಲೆಕ್ಕ ಬಂದದ್ದು ಅಲ್ಲಿಂದಲೇ. ಅದರಲ್ಲಿ 'ಕನ್ನಡ' ಎಂಬ ಒಟ್ಟು ಸಾಲಿನ ಕೆಳಗೆ ಕನ್ನಡ, ಬಡಗ, ಕುರುಬ ಮುಂತಾದ ಮಾತೃಭಾಷೆಗಳು ಬೇರೆ ಬೇರೆ ಸಾಲುಗಳಾಗಿ ಬರುತ್ತವೆ. ರಾಜ್ಯದ ಸಾಲುಗಳ ಜೊತೆಗೆ ಜಿಲ್ಲೆಗಳ ಸಾಲುಗಳೂ ಇವೆ. ಎಲ್ಲವನ್ನೂ ಒಂದೇ ಹಾಳೆಗೆ ಸಾಗಿಸಿ ಕಂಬಸಾಲನ್ನು ಕೂಡಿಸಿದರೆ ಒಬ್ಬೊಬ್ಬ ಕನ್ನಡಿಗನನ್ನೂ ಹಲವು ಸಲ ಎಣಿಸಿದಂತಾಗುತ್ತದೆ. ಒಟ್ಟು ಸಾಲನ್ನು ತೆಗೆದುಹಾಕಲು ಹೋಗಿ ಬಡಗರ ಸಾಲನ್ನೂ ಕಳೆದುಕೊಂಡರೆ ನೀಲಗಿರಿಯ ಲೆಕ್ಕವೇ ತಪ್ಪುತ್ತದೆ. ಅಲ್ಪಸಂಖ್ಯಾತ ಭಾಷೆಯ ಶಾಲೆಗಾಗಿ ಮನವಿ ಬರೆಯುವವರು ಇಂತಹ ಅಂಕಿಗಳನ್ನೇ ಆಧರಿಸುವುದರಿಂದ, ಕಡತವನ್ನು ಕಳುಹಿಸುವ ಮುನ್ನ ಮೂರು ಸಂಗತಿಗಳನ್ನು ಎರಡೂ ಕಡೆ ಹೋಲಿಸಿ ನೋಡಬೇಕು: ಸಾಲುಗಳ ಸಂಖ್ಯೆ, ಒಂದು ಕಂಬಸಾಲಿನ ಮೊತ್ತ ಮತ್ತು ಕಟ್ಟಕಡೆಯ ಸಾಲು.