ಕಡಿಯಾಳಿಯಿಂದ ಮಣಿಪಾಲಕ್ಕೆ ವಿದ್ಯುತ್ ಸ್ಕೂಟರು

ಉಡುಪಿಯ ಕಲ್ಸಂಕ ದಾಟಿ ಮಣಿಪಾಲದ ದಾರಿ ಹಿಡಿದರೆ ಸ್ವಲ್ಪದರಲ್ಲೇ ಕಡಿಯಾಳಿ ಸಿಗುತ್ತದೆ. ಇಲ್ಲಿನ ಮಹಿಷಮರ್ದಿನಿ ದೇವಸ್ಥಾನದಿಂದ ಕೃಷ್ಣಮಠದ ರಥಬೀದಿಗೆ ಒಂದೆರಡು ಕಿಲೋಮೀಟರು. ಇನ್ನೊಂದು ಕಡೆಗೆ ಹೊರಟರೆ ಕುಂಜಿಬೆಟ್ಟು, ಇಂದ್ರಾಳಿ ದಾಟಿ ಸುಮಾರು ನಾಲ್ಕು ಕಿಲೋಮೀಟರಿಗೆ ಮಣಿಪಾಲ. ಮಲ್ಪೆಯ ಕಡಲತೀರವೂ ಏಳೆಂಟು ಕಿಲೋಮೀಟರಿನೊಳಗೇ ಇದೆ. ಇಷ್ಟು ಚಿಕ್ಕ ದೂರಗಳಿರುವ ಊರಿಗೆ ಪೆಟ್ರೋಲು ಸುಡುವ ಗಾಡಿ ಏಕೆ, ಬ್ಯಾಟರಿಯ ಸ್ಕೂಟರು ಸಾಲದೇ? ಪ್ರಶ್ನೆ ಸರಳವಾಗಿದೆ. ಉತ್ತರ ಅಷ್ಟು ಸರಳವಲ್ಲ.

ಪರದೇಶದಲ್ಲಿ ನೌಕರಿಯಲ್ಲಿರುವ ನನ್ನ ಅಕ್ಕನ ಮಗ ಒಂದು ಜೂನಿನಲ್ಲಿ ಕಡಿಯಾಳಿಯ ಮನೆಗೆ ಬಂದಾಗ ನಿಂತು ಓಡಿಸುವ, ಮಡಚಿ ಕೈಯಲ್ಲಿ ಹಿಡಿಯಬಹುದಾದ ಸ್ಕೂಟರೊಂದನ್ನು ಎಲ್ಲಿಂದಲೋ ಹೊಂದಿಸಿಕೊಂಡಿದ್ದ. "ಮಾವ, ನಾಲ್ಕು ಕಿಲೋಮೀಟರಿಗೆ ಬಸ್ಸೆಂತಕ್ಕೆ?" ಎಂದು ಹೊರಟವನು ಇಂದ್ರಾಳಿ ತಲುಪುವ ಮೊದಲೇ ಮಳೆನೀರು ತುಂಬಿದ ಹೊಂಡಕ್ಕೆ ಮುಂಚಕ್ರ ಇಳಿಸಿದ. ಮಣಿಕಟ್ಟು ಮುರಿಯಿತು. ಹಿಂದೆ ಬರುತ್ತಿದ್ದ ಬಸ್ಸಿನ ಚಾಲಕ ಎಚ್ಚರಿದ್ದದ್ದರಿಂದ ಅಷ್ಟಕ್ಕೇ ಮುಗಿಯಿತು.

ತಪ್ಪು ಹುಡುಗನದ್ದು ಎನ್ನುವುದಕ್ಕಿಂತ ಚಕ್ರದ್ದು ಎನ್ನಬೇಕು. ಇಂಥ ಸ್ಕೂಟರಿನ ಚಕ್ರ ಸಾಮಾನ್ಯವಾಗಿ ಎಂಟರಿಂದ ಹತ್ತು ಅಂಗುಲ ಅಗಲದ್ದು. ಎಂದರೆ ನೆಲದಿಂದ ಅದರ ನಡುಗೂಟಕ್ಕೆ ನಾಲ್ಕೈದು ಅಂಗುಲ ಮಾತ್ರ. ಉರುಳುವ ಚಕ್ರ ತನ್ನ ನಡುಗೂಟದಷ್ಟು ಎತ್ತರದ ಅಂಚನ್ನು ಎದುರಿಸಿದರೆ ಅದನ್ನು ಹತ್ತಲಾರದು. ಅದಕ್ಕೆ ಅದು ಗೋಡೆಯೇ ಸರಿ. ನಮ್ಮ ಮಳೆಗಾಲದ ರಸ್ತೆಯಲ್ಲಿ ನಾಲ್ಕು ಅಂಗುಲದ ಹೊಂಡವನ್ನು ಯಾರೂ ಹೊಂಡವೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕುಳಿತು ಓಡಿಸುವ ಸ್ಕೂಟರಿನ ಚಕ್ರ ಟಯರೂ ಸೇರಿ ಇದರ ಎರಡು ಪಾಲು ದೊಡ್ಡದು. ಮೇಲಾಗಿ ಅದರ ಸವಾರನ ಭಾರ ಕೆಳಗೆ ಕುಳಿತಿರುತ್ತದೆ.

ನಿಂತು ಓಡಿಸುವ ಗಾಡಿ ಹೊಸ ಕಲ್ಪನೆಯೇನೂ ಅಲ್ಲ. 1915ರಲ್ಲೇ ನ್ಯೂಯಾರ್ಕಿನಲ್ಲಿ 'ಆಟೊಪೆಡ್' ಎಂಬ ಎಂಜಿನ್ನಿನ ಸ್ಕೂಟರು ಬಂದಿತ್ತು. ಅಂಚೆಯವರೂ ಅದನ್ನು ಬಳಸಿ ನೋಡಿದ್ದರು. ವಿದ್ಯುತ್ತಿನ ಬಂಡಿ ಅದಕ್ಕೂ ಹಳೆಯದು. 1881ರಲ್ಲಿ ಗುಸ್ತಾವ್ ತ್ರುವೆ ಎಂಬಾತ ಪ್ಯಾರಿಸ್ಸಿನಲ್ಲಿ ಬ್ಯಾಟರಿಯ ತ್ರಿಚಕ್ರ ಓಡಿಸಿದ್ದ. ಅದೇ ಪ್ಯಾರಿಸ್ಸಿನಲ್ಲಿ 2023ರ ಏಪ್ರಿಲಿನಲ್ಲಿ ಬಾಡಿಗೆಯ ನಿಂತೋಡಿಸುವ ಸ್ಕೂಟರು ಬೇಕೇ ಬೇಡವೇ ಎಂದು ಜನಮತ ಕೇಳಿದಾಗ, ಮತ ಹಾಕಿದವರಲ್ಲಿ ನೂರಕ್ಕೆ 89 ಮಂದಿ ಬೇಡವೆಂದರು. ಮತ ಹಾಕಿದವರು ತೀರಾ ಕಡಿಮೆ ಎಂಬುದು ಬೇರೆ ಮಾತು. ಅಗಲವಾದ ಕಾಲುದಾರಿಗಳಿರುವ ಊರಿನ ಕತೆ ಇದು. ನಮ್ಮಲ್ಲಿ ಕಾಲುದಾರಿ ಎಲ್ಲಿದೆ ಎಂದು ಮೊದಲು ಹುಡುಕಬೇಕು.

ಹಾಗಾದರೆ ಕುಳಿತು ಓಡಿಸುವ ವಿದ್ಯುತ್ ಸ್ಕೂಟರು? ಅದರಲ್ಲಿ ಎರಡು ಜಾತಿ ಉಂಟು, ಮತ್ತು ಕೊಳ್ಳುವವರು ಮೋಸಹೋಗುವುದು ಇಲ್ಲೇ. ಮೋಟಾರಿನ ಶಕ್ತಿ 250 ವಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದಿದ್ದರೆ ಕಾನೂನು ಅದನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಲೈಸೆನ್ಸು ಬೇಡ, ನೋಂದಣಿ ಬೇಡ. ಇದಕ್ಕೆ ಮರುಳಾಗಿ ಅಕ್ಕ ಅಂಥದ್ದೊಂದನ್ನು ಕೊಂಡಳು. ಮೊಮ್ಮಗಳನ್ನು ಹಿಂದೆ ಕೂರಿಸಿಕೊಂಡು ಮಣಿಪಾಲಕ್ಕೆ ಹೊರಟವಳು ಏರಿನ ನಡುವೆ ಮಗುವನ್ನು ಇಳಿಸಿ ನಡೆಸಬೇಕಾಯಿತು.

ಕಾರಣ ಲೆಕ್ಕದಲ್ಲಿದೆ. ಮಣಿಪಾಲ ಮುರಕಲ್ಲಿನ ಗುಡ್ಡದ ಮೇಲಿನ ಊರು. ಉಡುಪಿ ಪೇಟೆಗಿಂತ ಸುಮಾರು ಐವತ್ತು ಮೀಟರು ಎತ್ತರ. ನೂರು ಮೀಟರಿಗೆ ಆರು ಮೀಟರು ಏರುವ ಕಡೆ, ಗಾಡಿ ಮತ್ತು ಇಬ್ಬರು ದೊಡ್ಡವರು ಸೇರಿ 190 ಕಿಲೋ ಎಂದಿಟ್ಟುಕೊಂಡರೆ, 250 ವಾಟಿನ ಮೋಟಾರು ಅದನ್ನು ಗಂಟೆಗೆ ಐದು ಕಿಲೋಮೀಟರಿನ ಆಸುಪಾಸಿನಲ್ಲಿ ಎಳೆದೀತು. ಅದು ನಡೆದು ಹೋಗುವವರ ವೇಗ. ಅಲ್ಪ ಹೊತ್ತು ಹೆಚ್ಚು ಶಕ್ತಿ ಕೊಡಬಲ್ಲ ಮೋಟಾರುಗಳೂ ಇವೆ. ಆದರೆ ಅದು ದಮ್ಮು ಕಟ್ಟಿ ಓಡಿದ ಹಾಗೆ, ಬಹಳ ಹೊತ್ತು ನಡೆಯದು. ಹಿಂದಿನಿಂದ ಬಸ್ಸುಗಳು ಹಾರ್ನು ಹೊಡೆಯುತ್ತಿರುವಾಗ ಈ ವೇಗದಲ್ಲಿ ರಸ್ತೆಯಲ್ಲಿರುವುದು ಕ್ಷೇಮವಲ್ಲ.

ಲೈಸೆನ್ಸು, ನೋಂದಣಿ, ವಿಮೆ ಎಲ್ಲ ಬೇಕಾದ ದೊಡ್ಡ ಸ್ಕೂಟರಿಗೆ ಈ ಏರು ಒಂದು ಲೆಕ್ಕವಲ್ಲ. ಬೆಂಗಳೂರಿನ ಏಥರ್ ಸಂಸ್ಥೆ 2018ರಲ್ಲಿ ತನ್ನ ಗಾಡಿ ಮಾರತೊಡಗಿದಂದಿನಿಂದ ಕರ್ನಾಟಕದ ಜನ ಈ ಜಾತಿಯನ್ನು ಬಲ್ಲರು. ಮೂರು ಯೂನಿಟ್ ಹಿಡಿಯುವ ಬ್ಯಾಟರಿಯಲ್ಲಿ ಸುಮಾರು 85ರಿಂದ 100 ಕಿಲೋಮೀಟರು ಓಡಿಸಬಹುದು. ಮಣಿಪಾಲದ ಏರಿಗೆ ಹೆಚ್ಚುವರಿಯಾಗಿ ಖರ್ಚಾಗುವುದು ಒಂದು ಯೂನಿಟ್ಟಿನ ಹದಿನೈದರಲ್ಲಿ ಒಂದು ಪಾಲಿನಷ್ಟು. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ ಬ್ಯಾಟರಿ ತುಂಬಿಸಲು 25 ರೂಪಾಯಿ ದಾಟದು. ಲೀಟರಿಗೆ ನೂರು ದಾಟಿದ ಪೆಟ್ರೋಲಿನ ಮುಂದೆ ಇದು ಅಗ್ಗವೆನ್ನಲು ಪಂಡಿತರು ಬೇಕಿಲ್ಲ.

ಊರು ನೋಡಲು ಬಂದವರಿಗೂ ಇದು ಒದಗುತ್ತದೆ. ಉಡುಪಿಯ ಸುತ್ತ ಕಡಿಯಾಳಿ, ಬೈಲೂರು, ಪುತ್ತೂರು, ಕನ್ನರ್ಪಾಡಿ ಎಂದು ನಾಲ್ಕು ದುರ್ಗಾಲಯಗಳನ್ನು ಎಣಿಸುವ ರೂಢಿಯಿದೆ. ಒಂದು ಮುಂಜಾನೆಯಲ್ಲಿ ನಾಲ್ಕನ್ನೂ ಕಂಡು ಬಂದರೆ ಬ್ಯಾಟರಿ ಕಾಲು ಭಾಗವೂ ಇಳಿಯದು. ಬೇಕಾದಲ್ಲಿ ನಿಲ್ಲಿಸಬಹುದು, ಬಸ್ಸಿಗೆ ಕಾಯಬೇಕಿಲ್ಲ. 1901ರ ದೀಪಸ್ತಂಭವಿರುವ ಕಾಪು ಹದಿಮೂರು-ಹದಿನಾಲ್ಕು ಕಿಲೋಮೀಟರು. ಆದರೆ ಅಲ್ಲಿಗೆ ಹೆದ್ದಾರಿ ಹಿಡಿಯಬೇಕು, 25ರ ವೇಗದ ಗಾಡಿಯನ್ನು ಅಲ್ಲಿಗೆ ಒಯ್ಯಲೇಬಾರದು. ಕಾರ್ಕಳಕ್ಕೆ ಹೋಗಿ ಬರಲು ಎಪ್ಪತ್ತು ಕಿಲೋಮೀಟರಿಗೂ ಮಿಕ್ಕಿ. 1432ರ ಗೊಮ್ಮಟನನ್ನೂ 1586ರ ಚತುರ್ಮುಖ ಬಸದಿಯನ್ನೂ ನೋಡಿ ಬರುವುದಾದರೆ ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲೆಲ್ಲಾದರೂ ಪ್ಲಗ್ಗು ಸಿಗುವಂತೆ ನೋಡಿಕೊಳ್ಳುವುದು ಜಾಣತನ. ಬಾಡಿಗೆಗೆ ಪಡೆಯುವವರು ಫಲಕ ನೋಡಬೇಕು. ಹಸಿರು ಫಲಕದಲ್ಲಿ ಹಳದಿ ಅಕ್ಷರವಿದ್ದರೆ ಬಾಡಿಗೆಯ ಗಾಡಿ. ಬಿಳಿ ಅಕ್ಷರವಿದ್ದರೆ ಸ್ವಂತದ್ದು, ಅದನ್ನು ಬಾಡಿಗೆಗೆ ಕೊಡುವಂತಿಲ್ಲ.

ಇನ್ನು ಮಳೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಸುರಿಯುವ ಸೀಮೆ ನಮ್ಮದು. ಒಳ್ಳೆಯ ಸ್ಕೂಟರಿನ ಬ್ಯಾಟರಿಗೆ 'ಐಪಿ 67' ಎಂಬ ಗುರುತು ಇರುತ್ತದೆ. ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗದು ಎಂದು ಅದರ ಅರ್ಥ. ಸುರಿಯುವ ಮಳೆಗೆ, ಚಿಮ್ಮುವ ಕೆಸರಿಗೆ ಇದು ಧಾರಾಳವಾಯಿತು. ಆದರೆ 2020ರ ಸೆಪ್ಟೆಂಬರ್ 20ರಂದು ಕಲ್ಸಂಕದ ಸುತ್ತ, ಮಠದ ವಾಹನ ನಿಲ್ದಾಣದಲ್ಲಿ ನಿಂತ ನೀರು ಅರ್ಧ ಗಂಟೆಗೆ ಇಳಿದಿರಲಿಲ್ಲ. ಹಾಗೆ ಮುಳುಗಿದ ಗಾಡಿಯನ್ನು ಒಣಗಿಸಿ ಮನೆಯಲ್ಲೇ ಚಾರ್ಜಿಗೆ ಹಾಕುವುದು ಅಪಾಯ. ಮೊದಲು ಪರೀಕ್ಷೆಗೆ ಒಯ್ಯಬೇಕು. 2022ರಲ್ಲಿ ದೇಶದ ಹಲವೆಡೆ ಸ್ಕೂಟರುಗಳು ಹೊತ್ತಿ ಉರಿದ ಮೇಲೆ ಬ್ಯಾಟರಿಯ ನಿಯಮಗಳನ್ನು ಆ ವರ್ಷದ ಡಿಸೆಂಬರಿನಿಂದ ಎರಡು ಹಂತಗಳಲ್ಲಿ ಬಿಗಿಗೊಳಿಸಿದರು. ಹಳೆಯ ಗಾಡಿ ಕೊಳ್ಳುವವರು ತಯಾರಾದ ತಿಂಗಳನ್ನು ಕೇಳಿ ತಿಳಿಯಬೇಕು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ ಎಂಬುದು. ಕಡಿಯಾಳಿಯ ಹಳೆಯ ಮನೆಗಳಿಗೆ ಚಾವಡಿಯುಂಟು, ಅಲ್ಲಿ ಪ್ಲಗ್ಗುಂಟು. ಮಣಿಪಾಲದ ಮೂರನೆಯ ಮಾಳಿಗೆಯಲ್ಲಿ ಬಾಡಿಗೆಗಿರುವ ವಿದ್ಯಾರ್ಥಿಗೆ ಎರಡೂ ಇಲ್ಲ. ಅವನು ಬಿಚ್ಚಿ ಒಯ್ಯಬಹುದಾದ ಬ್ಯಾಟರಿಯ ಗಾಡಿಯನ್ನೇ ಹುಡುಕಬೇಕು, ಇಲ್ಲವೇ ಮನೆಯ ಯಜಮಾನರನ್ನು ಒಪ್ಪಿಸಬೇಕು. ಎರಡನೆಯದು ಹೆಚ್ಚು ಕಷ್ಟ.

ಅಕ್ಕ ತನ್ನ ಪುಟ್ಟ ಸ್ಕೂಟರನ್ನು ಮಾರಲಿಲ್ಲ. ದೇವಸ್ಥಾನಕ್ಕೆ, ತರಕಾರಿಗೆ, ಮಳೆಯಿಲ್ಲದ ದಿನ ರಥಬೀದಿಯವರೆಗೆ ಒಬ್ಬಳೇ ಹೋಗಿ ಬರುತ್ತಾಳೆ, ಹೆಲ್ಮೆಟ್ಟು ಹಾಕಿಕೊಂಡೇ. ಇಂದ್ರಾಳಿಯಿಂದ ಆಚೆಗೆ ಕೆಲಸವಿದ್ದರೆ ಮನೆಯೆದುರು ಬಸ್ಸು ಹಿಡಿಯುತ್ತಾಳೆ.