ಅಮ್ಮನ ಮದುವೆ ಸೀರೆ ಮಗಳಿಗೆ ಲೆಹೆಂಗಾ ಆಗುತ್ತಾ? ಕತ್ತರಿ ಹಾಕುವ ಮುನ್ನ ಇದನ್ನು ತಿಳಿಯಿರಿ

ಡಿಸೆಂಬರ್ 12, 2018ರಂದು ಮುಂಬೈನಲ್ಲಿ ನಡೆದ ಇಶಾ ಅಂಬಾನಿ ಮದುವೆಯಲ್ಲಿ ಒಂದು ಹಳೆಯ ಸೀರೆ ಸುದ್ದಿಯಾಗಿತ್ತು. ಅಬು ಜಾನಿ-ಸಂದೀಪ್ ಖೋಸ್ಲಾ ವಿನ್ಯಾಸದ ಹೊಸ ಲೆಹೆಂಗಾದ ಮೇಲೆ ವಧು ಹೊದ್ದಿದ್ದು ತಾಯಿ ನೀತಾ ಅಂಬಾನಿ ತಮ್ಮ ಮದುವೆಯಲ್ಲಿ ಉಟ್ಟಿದ್ದ ಕೆಂಪು ಸೀರೆಯನ್ನು. ಅಂಬಾನಿ ಮನೆಯಲ್ಲಿ ಹಣಕ್ಕೇನೂ ಬರವಿರಲಿಲ್ಲ ಎಂಬುದು ಬೇರೆ ಮಾತು. ಆದರೆ ವಡೋದರದ ಗೋರ್ವಾದಿಂದ ಸೂರತ್‌ವರೆಗೆ, ಗುಜರಾತಿನ ಸಾಮಾನ್ಯ ಮನೆಗಳ ಕಪಾಟಿನಲ್ಲೂ ಇಂಥ ಸೀರೆ ಸಿಗುತ್ತದೆ.

ಗುಜರಾತಿ ವಧುವಿಗೆ ಮದುವೆಯಲ್ಲಿ ಎರಡು ಸೀರೆ. ಕೆಂಪು ಅಂಚಿನ ಬಿಳಿ 'ಪಾನೇತರ್' ತವರಿನದು, ಸಾಮಾನ್ಯವಾಗಿ ಸೋದರಮಾವನ ಉಡುಗೊರೆ. ಜರಿಯ ಚೌಕಗಳ ನಡುವೆ ಬಾಂಧನಿ ಚುಕ್ಕೆಗಳಿರುವ 'ಘರ್‌ಚೋಳಾ' ಗಂಡಿನ ಮನೆಯದು. ನಮ್ಮಲ್ಲಿ ಧಾರೆ ಸೀರೆಗಿರುವ ಸ್ಥಾನವೇ ಅಲ್ಲಿ ಇವಕ್ಕೆ. ಘರ್‌ಚೋಳಾಗೆ 2024ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ.

ಮೊದಲು ಮಡಿಕೆ ನೋಡಿ

ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ. ಬೆಳಕಿಗೆ ಹಿಡಿದಾಗ ಗೆರೆ ತೆಳುವಾಗಿ ಕಂಡರೆ ಆ ಬಟ್ಟೆ ಹೊಲಿಗೆಯ ಎಳೆತ ತಡೆಯುವುದಿಲ್ಲ. ಆಗ ಲೆಹೆಂಗಾದ ಆಸೆ ಬಿಡುವುದೇ ಮೇಲು. ಗಟ್ಟಿ ಭಾಗಗಳನ್ನಷ್ಟೇ ಉಳಿಸಿಕೊಂಡು, ಅಡಿಗೆ ಹೊಸ ಬಟ್ಟೆ ಕೊಟ್ಟು ದುಪಟ್ಟಾ ಮಾಡಿಸಬಹುದು.

ಸೀರೆ ಗಟ್ಟಿಯಾಗಿದ್ದರೂ ಲೆಹೆಂಗಾ ಸುಲಭವಲ್ಲ. ಐದೂವರೆ ಮೀಟರ್ ಸೀರೆಯನ್ನು ಮೇಲೆ ಕಿರಿದು, ಕೆಳಗೆ ಅಗಲವಿರುವ ತುಂಡುಗಳಾಗಿ ಕತ್ತರಿಸಿದರೆ ಬಟ್ಟೆ ಸಾಕಷ್ಟು ವ್ಯರ್ಥವಾಗುತ್ತದೆ. ಘರ್‌ಚೋಳಾದಲ್ಲಂತೂ ಪಕ್ಕಪಕ್ಕದ ತುಂಡುಗಳ ಚೌಕಗಳು ಒಂದಕ್ಕೊಂದು ಕೂಡುವುದೇ ಇಲ್ಲ. ಕತ್ತರಿಸದೆ ನೆರಿಗೆ ಹಿಡಿದು ಸೊಂಟಪಟ್ಟಿಗೆ ಹೊಲಿದರೆ ಚೌಕಗಳು ಉಳಿಯುತ್ತವೆ. ಮುಂದೆ ಹೊಲಿಗೆ ಬಿಚ್ಚಿದರೆ ಮತ್ತೆ ಸೀರೆಯೇ. ಮೊಮ್ಮಗಳ ಮದುವೆಯನ್ನೂ ಯೋಚಿಸುವವರಿಗೆ ಇದೇ ಸರಿಯಾದ ದಾರಿ.

ಬಾಂಧನಿಯ ಕೆಂಪು ಬಣ್ಣ ನೀರು ಬಿದ್ದರೆ ಬಿಡಬಹುದು. ಪಾನೇತರ್‌ನ ಬಿಳಿ ಮೈಗೆ ಅದು ಹರಡಿದರೆ ತೆಗೆಯುವುದು ಕಷ್ಟ. ಹಾಗಾಗಿ ಮನೆಯಲ್ಲಿ ಒಗೆಯುವ ಸಾಹಸ ಬೇಡ. ಬಿಸಿ ಇಸ್ತ್ರಿಯೂ ಬೇಡ, ಗಂಟು ಕಟ್ಟಿದ ಗುರುತಾಗಿ ಉಳಿದ ಸುಕ್ಕು ಚಪ್ಪಟೆಯಾಗುತ್ತದೆ.

ಜರಿಗೇ ಹೆಚ್ಚು ಅಪಾಯ

ಸೂರತ್ ಜರಿ ತಯಾರಿಕೆಯ ಹಳೆಯ ಕೇಂದ್ರ. ಅಸಲಿ ಜರಿಯೆಂದರೆ ರೇಷ್ಮೆ ನೂಲಿಗೆ ಬೆಳ್ಳಿ ತಂತಿ ಸುತ್ತಿ, ಮೇಲೆ ಚಿನ್ನದ ಲೇಪ ಕೊಟ್ಟದ್ದು. ಇಂದು ಹೆಚ್ಚಾಗಿ ಸಿಗುವುದು ತಾಮ್ರದ ಅಥವಾ ಪ್ಲಾಸ್ಟಿಕ್ ಹಾಳೆಯ ಜರಿ. 'ಹಳೆ ಜರಿ ಸೀರೆ ಕೊಳ್ಳುತ್ತೇವೆ' ಎಂದು ಬರುವವರ ಕಣ್ಣು ಆ ಬೆಳ್ಳಿಯ ಮೇಲೆ. ಅವರು ಸೀರೆ ಸುಟ್ಟು ಬೆಳ್ಳಿ ತೆಗೆಯುತ್ತಾರೆ. ತಿಂಗಳುಗಟ್ಟಲೆ ನೇಯ್ದು ಕಟ್ಟಿದ ಕೆಲಸಕ್ಕೆ ಅಲ್ಲಿ ಬೆಲೆಯಿಲ್ಲ, ತೂಕಕ್ಕೆ ಮಾತ್ರ.

ಮೈ ಪೂರ್ತಿ ಹೋಗಿದ್ದರೂ ಅಸಲಿ ಜರಿಯ ಅಂಚನ್ನು ಬಿಡಿಸಿ ಹೊಸ ರೇಷ್ಮೆಗೆ ಕೂರಿಸಬಹುದು. ಜರಿ ಕಪ್ಪಾಗಿದೆ ಎಂದು ನಿಂಬೆ, ಹುಣಸೆ ಉಜ್ಜುವವರಿದ್ದಾರೆ. ಪಾತ್ರೆಗೆ ಅದು ಸರಿ, ರೇಷ್ಮೆಗಲ್ಲ. ಟೈಲರ್ ಬಳಿ ಹೋಗುವಾಗ ಬ್ಲೌಸ್ ತುಂಡು, ಸೆರಗಿನ ಚೂರು ಏನಿದ್ದರೂ ಜೊತೆಗೆ ಒಯ್ಯಿರಿ. ತೇಪೆಗೆ ಅದೇ ಕಾಲದ, ಅದೇ ಬಣ್ಣದ ಬಟ್ಟೆ ಅಂಗಡಿಯಲ್ಲಿ ಸಿಗುವುದಿಲ್ಲ.